ವೇಳಾಪಟ್ಟಿಗೆ ‘ಬೇಡ’ ಎಂದ ಅಂಗಾಲಣ್ಣ

ಸಭೆಗೆ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತಿಗೆಗೆ, ಪಕ್ಕದಲ್ಲಿ ಕುಳಿತ ಮಗಳಿಗೆ — ಅಂಗಾಲಣ್ಣನನ್ನು ಕಳೆದುಕೊಂಡ ನಿಮ್ಮ ಮನೆಯ ದುಃಖಕ್ಕೆ ನಾವೂ ಒಂದಿಷ್ಟು ಹೆಗಲು ಕೊಡೋಣವೆಂದು ನಗರಸಭೆಯ ಉದ್ಯಾನ ವಿಭಾಗದವರೆಲ್ಲ ಬಂದಿದ್ದೇವೆ.

ನಾನು ಆ ವಿಭಾಗದ ಮೇಲಧಿಕಾರಿ. ಹದಿನೆಂಟು ವರ್ಷ ಕುರ್ಚಿಯಲ್ಲಿ ಕುಳಿತೇ ಪಾರ್ಕು ಬೆಳೆಸಿದವನು. ಅಂಗಾಲಣ್ಣ ತೋಟಗಾರರು. ಅವರ ಕೈಯಲ್ಲೂ ಕತ್ತರಿ, ನನ್ನ ಕೈಯಲ್ಲೂ ಕತ್ತರಿ — ಅವರದು ಬೇಲಿಗಿಡಕ್ಕೆ, ನನ್ನದು ಹುದ್ದೆಗಳಿಗೆ. ನಗಿ, ಪರವಾಗಿಲ್ಲ. ಅವರೂ ನಗುತ್ತಿದ್ದರು.

ಮೂರು ವರ್ಷದ ಹಿಂದೆ ‘ಪಾರ್ಕಿಗೊಬ್ಬ ತೋಟಗಾರ’ ಎಂಬ ಪದ್ಧತಿ ಹೋಯಿತು. ಹನ್ನೊಂದು ಪಾರ್ಕು, ಒಂದು ಲಾರಿ, ಆರು ಜನ, ಒಂದು ವೇಳಾಪಟ್ಟಿ. ಸೋಮವಾರ ದೊಡ್ಡ ಪಾರ್ಕಿಗೆ ನೀರು. ಪಟ್ಟಿ ನನ್ನದೇ ಕೃತಿ! ಅದರಲ್ಲಿ ಎರಡೇ ಕಾಲಂ — ‘ಮಾಡಿದೆ’, ‘ಮಾಡಿಲ್ಲ’. ಮಳೆ ಸುರಿದರೂ ಸೋಮವಾರ ಸೋಮವಾರವೇ. ಮಳೆಗೆ ನಾನು ಕಾಲಂ ಇಟ್ಟಿರಲಿಲ್ಲ.

ಈ ಮನುಷ್ಯ ಏನು ಮಾಡಿದರು? ಗೇಟಿನ ಬಳಿ ಬೂಟು ಬಿಚ್ಚಿದರು. ಬರಿಗಾಲಲ್ಲಿ ಹುಲ್ಲಿನ ಮೇಲೆ ಒಂದು ಸುತ್ತು ಹಾಕಿದರು — ಅದಕ್ಕೇ ಆ ಅಡ್ಡಹೆಸರು. ಎರಡೂ ಕಾಲಂ ಬಿಟ್ಟು ಅಂಚಿನಲ್ಲಿ ಬರೆದರು: ‘ಬೇಡ’. ಮರುವಾರವೂ ‘ಬೇಡ’. ಸ್ವಾಮಿ, ನಗರಸಭೆಗೇ ಬೇಡ ಅನ್ನುವುದೆಂದರೆ! ನೋಟಿಸು ಕೊಟ್ಟೆ, ಬೇರೆಯವರಿಂದ ನೀರು ಬಿಡಿಸಿದೆ. ಎರಡನೆಯ ನೋಟಿಸು ಕೊಟ್ಟೆ. ಮೂರನೆಯದು — ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು.

ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಂತರು.

“ತೆಗೀರಿ ಸಾರ್, ನಿಮ್ಮಿಷ್ಟ. ಅದಕ್ಕೆ ಮುಂಚೆ ಹತ್ತು ನಿಮಿಷ ದೊಡ್ಡ ಪಾರ್ಕಿಗೆ ಬನ್ನಿ.”

ಹೋದೆ.

“ಬೂಟು ಬಿಚ್ಚಿ.”

“ಏನ್ರೀ ಇದು! ಕಾಲ್ಚೀಲಾನೂ ಬಿಚ್ಬೇಕಾ?”

“ಕಾಲ್ಚೀಲ ಹಾಕ್ಕೊಂಡ್ರೆ ನೆಲ ಹೇಳಿದ್ದು ಕೇಳ್ಸುತ್ತಾ ಸಾರ್?”

ನಡೆದೆ. ಉಯ್ಯಾಲೆಗಳಿಗೆ ನೆರಳಾಗಿರುವ ಆ ಮುದಿ ಮರ ನಿಮಗೆಲ್ಲ ಗೊತ್ತು. ಅಲ್ಲಿಯವರೆಗೂ ನೆಲ ಬೆಚ್ಚಗಿತ್ತು. ಬುಡದ ಹತ್ತಿರ — ಹೀಗೆ, ಒಂದೇ ಒಂದು ಹೆಜ್ಜೆ — ಅಂಗಾಲು ತಣ್ಣಗಾಯಿತು.

“ಇಲ್ಲೇ. ಕೆಳಗೆ ಪೈಪು ಸೋರ್ತಿದೆ, ಬೇರು ಕೊಳೀತಿದೆ. ನಿಮ್ಮ ಸೋಮವಾರ ಇನ್ನು ನಾಲ್ಕು ಬಂದ್ರೆ ಮರ ಮಕ್ಕಳ ಮೇಲೇ ಬರುತ್ತೆ.”

“ಮೊದ್ಲೇ ಹೇಳ್ಬಾರ್ದಿತ್ತಾ?”

“ಹೇಳ್ದೆ ಸಾರ್. ‘ಪಟ್ಟೀಲಿ ಬರೀರಿ’ ಅಂದ್ರಿ. ಬರೆದೆ.”

ಮೊಳದಾಳ ಅಗೆಸಿದೆ. ಪೈಪು ಬಿರಿದಿತ್ತು. ನನ್ನ ತೊಡೆಯಷ್ಟು ದಪ್ಪದ ಬೇರು — ಒತ್ತಿದರೆ ಬೆರಳು ಒಳಗೇ ಹೋಯಿತು. ಯಂತ್ರವಿಲ್ಲ, ನಕ್ಷೆಯಿಲ್ಲ — ಒಂದು ಜೊತೆ ಪಾದ! ಮಣ್ಣಿನೊಳಗೆ ನಡೆಯುತ್ತಿದ್ದುದನ್ನು ಆ ಪಾದಗಳು ಓದಿದ್ದವು. ನನಗೆ ಮೈ ಜುಮ್ಮೆಂದಿತು. ಇಂದಿಗೂ ನೆನೆದರೆ ಜುಮ್ಮೆನ್ನುತ್ತದೆ. ಮರದ ಬುಡದ ನೀರು ಇಳಿಯಲು ತಿಂಗಳು ಬೇಕಾಯಿತು. ನನ್ನ ನೀರಿಳಿಯಲು ಆ ಒಂದು ಹೆಜ್ಜೆ ಸಾಕಾಯಿತು.

ಮರ ಉಳಿಯಿತು. ಅವರ ಕೆಲಸವೂ ಉಳಿಯಿತು. ಪಟ್ಟಿಗೆ ‘ಬೇಡ’ ಎಂಬ ಕಾಲಂ ಬಂತು. ಕಳೆದ ತಿಂಗಳಿಂದ ಪಾರ್ಕಿಗೊಬ್ಬ ತೋಟಗಾರರೂ ಮರಳಿ ಬಂದಿದ್ದಾರೆ.

ಆದರೆ ಅತ್ತಿಗೆ — ಒಂದು ಕೆಲಸ ಬಾಕಿ ಉಳಿಯಿತು. ಆ ಮೂರು ನೋಟಿಸುಗಳನ್ನು ನಾನು ಅವರ ಕಡತದಿಂದ ತೆಗೆದಿರಲಿಲ್ಲ. ಅದರಿಂದಲೇ ಮುಖ್ಯ ತೋಟಗಾರರ ಹುದ್ದೆ ಅವರಿಗೆ ತಪ್ಪಿತು. ಅವರು ಒಮ್ಮೆಯೂ ಕೇಳಲಿಲ್ಲ. ನಾನು ಇವತ್ತು, ನಾಳೆ ಎಂದುಕೊಂಡೇ ದಿನ ತಳ್ಳಿದೆ. ಇಂದು ಬೆಳಿಗ್ಗೆ ಮೂರನ್ನೂ ರದ್ದು ಮಾಡಿ ಸಹಿ ಹಾಕಿದೆ. ಅವರೆದುರು ಓದಬೇಕಿದ್ದ ಆದೇಶವನ್ನು ನಿಮ್ಮೆದುರು ಓದುತ್ತೇನೆ. ಎರಡೇ ಸಾಲು: “ತೋಟಗಾರರು ಹೇಳಿದ್ದು ಸರಿ. ತಪ್ಪು ನನ್ನದು.”

ಬನ್ನಿ, ಎಲ್ಲರೂ ಎದ್ದು ನಿಲ್ಲೋಣ. ಇಷ್ಟು ವರ್ಷ ಅವರ ಮುಂದೆ ನಾನೇ ಮಾತಾಡಿದ್ದು ಹೆಚ್ಚು. ಈ ಎರಡು ನಿಮಿಷ — ಸುಮ್ಮನಿರುತ್ತೇನೆ.