ಸೊಪ್ಪು ಕೊಡುವವರ ಮಾತ್ರೆ

ಅಧ್ಯಕ್ಷರಾದ ಮಹಾಲಿಂಗಯ್ಯನವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಅಪರ್ಣ ಅವರೇ, ಸನ್ಮಾನದ ಕುರ್ಚಿಯಲ್ಲಿ ಕೂತಿರುವ ನಮ್ಮ ಯಜಮಾನರೇ, ಉಪ್ಪಾರಹಳ್ಳಿಯ ಸಭಿಕರೇ,

ಸನ್ಮಾನಿತರ ಬಗ್ಗೆ ಅವರ ಹೆಂಡತಿ ಗಂಗಾಂಬಿಕೆಯೂ ಎರಡು ಮಾತು ಆಡಲಿ ಎಂದು ಸಂಘದವರು ನನ್ನನ್ನು ಕರೆದಿದ್ದಾರೆ. ಎರಡು ಮಾತಿಗೆ ನಿಲ್ಲಿಸುವ ಹೆಂಗಸಲ್ಲ ಎಂದು ಅವರಿಗೆ ಯಾರೂ ಹೇಳಿಲ್ಲ, ಪಾಪ.

ಸಕ್ಕರೆ ಕಾಯಿಲೆಯವರಿಗೆ ಮಧುನಾಶಿನಿ ಸೊಪ್ಪನ್ನು ಧರ್ಮಕ್ಕೆ ಹಂಚುತ್ತಾರೆ ಎಂದು ಇವರಿಗೆ ಈ ಶಾಲು. ಬಹಳ ಸಂತೋಷ. ಆದರೆ ಆ ಬಳ್ಳಿ ಬಂದದ್ದು ಮಾರ್ಕೋನಹಳ್ಳಿಯ ನನ್ನ ತವರಿನ ಬೇಲಿಯಿಂದ. ಅರ್ಧ ಶಾಲು ನನ್ನದು. ಆ ಎಲೆ ಅಗಿದು ಬೆಲ್ಲ ತಿಂದರೆ ಮಣ್ಣು ತಿಂದ ಹಾಗಿರುತ್ತದೆ. ಮದುವೆಯಾದ ಹೊಸದರಲ್ಲಿ ಇವರಿಗೆ ಎಲೆ ಅಗಿಸಿ ಹೋಳಿಗೆ ಬಡಿಸಿದ್ದೆ. ನನ್ನ ಅಡುಗೆಯ ಮೇಲಿನ ಅನುಮಾನ ಇವರಿಗೆ ಇವತ್ತಿಗೂ ಹೋಗಿಲ್ಲ.

ಎಲೆಯನ್ನು ನಾನು ಬೈಯುವುದಿಲ್ಲ. ನನ್ನ ಜಗಳವೆಲ್ಲ ಮುಚ್ಚಿಡುವುದರ ಮೇಲೆ. ಇವರಿಗೂ ಸಕ್ಕರೆ ಕಾಯಿಲೆ ಇದೆ. ಆಸ್ಪತ್ರೆಯಲ್ಲಿ 'ಬೇರೆ ಏನಾದ್ರೂ ಔಷಧಿ ತಗೋತೀರಾ?' ಅಂದರೆ ಇವರು 'ಇಲ್ಲ ಸಾರ್'. ಸೊಪ್ಪಿಗೆ ಬಂದವರು 'ಅಯ್ನೋರೇ, ನೀವು ಮಾತ್ರೆ ನುಂಗ್ತೀರಾ?' ಅಂದರೆ 'ಇಲ್ಲ ಕಣಪ್ಪ'. ನುಂಗುತ್ತಿದ್ದದ್ದು ಎರಡನ್ನೂ! ಹೀಗೆ ಎರಡು ಕಡೆಯೂ ಇಲ್ಲ ಅಂದವರು ಈ ಸಭೆಯಲ್ಲಿ ಇನ್ನೆಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ಮುಖ ನೋಡಿದರೇ ತಿಳಿಯುತ್ತದೆ.

ಸನ್ಮಾನ ನಿಶ್ಚಯವಾದ ಮೇಲೆ ಇವರು ಮಾತ್ರೆಯನ್ನೇ ಬಿಟ್ಟರು. ಯಾಕ್ರೀ ಅಂದೆ. 'ಸೊಪ್ಪು ಕೊಡೋನೇ ಮಾತ್ರೆ ನುಂಗಿದ್ರೆ ಶಾಲು ಹೊದ್ಕೊಳ್ಳೋಕೆ ಯಾವ ಮುಖ ಇರ್ತದೆ ಕಣೇ' ಅಂದರು. ಮಾತು ಬೀದಿಗೆ ಹೋಯಿತು. ಎದುರುಮನೆ ಓಬಳಮ್ಮ 'ಅಯ್ನೋರೇ ಬುಟ್ಟವ್ರೆ, ನಾನೂ ಬುಟ್ಟೆ' ಎಂದರು. ಮೊನ್ನೆ ತಲೆ ಸುತ್ತಿ ಬಿದ್ದು, ಈಗ ಕುಣಿಗಲ್ಲಿನ ಮಗಳ ಮನೆಯಲ್ಲಿ ಮಲಗಿದ್ದಾರೆ.

ಇನ್ನು ಇವರ ಬಲಗಾಲು. ಅಂಗಾಲಿನಲ್ಲಿ ಹುಣ್ಣಾಗಿದೆ. ಅರಿಶಿನ ಮೆತ್ತಿ, ನಿಮಗೆ ಕಾಣದಿರಲಿ ಎಂದು ಕಾಲುಚೀಲ ಹಾಕಿಕೊಂಡು ಕೂತಿದ್ದಾರೆ. 'ನೋವೇ ಇಲ್ಲ, ಸುಮ್ನಿರು' ಅನ್ನುತ್ತಾರೆ. ನೋವಿಲ್ಲ ಎಂಬುದೇ ನನ್ನ ಭಯ. ಇದೇ ಕಾಯಿಲೆಯ ನನ್ನ ಅಣ್ಣನೂ ನೋವಿಲ್ಲ ಅನ್ನುತ್ತಲೇ ಇದ್ದ. ಕೊನೆಗೆ ಮೊಣಕಾಲ ತನಕ ಕಾಲು ತೆಗೆದರು. ತವರಿನಲ್ಲಿ ಅವನ ಒಂದು ಚಪ್ಪಲಿ ಸವೆಯದೆ ಹಾಗೇ ಬಿದ್ದಿದೆ. ಇವರ ಕಾಲನ್ನೂ ನಾನು ಹಾಗೆ ಕಳೆದುಕೊಳ್ಳುವುದಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದು ಕೈಮುಗಿದು ಕೇಳಿದೆ, ಅತ್ತೂ ನೋಡಿದೆ. ಫಂಕ್ಷನ್ ಮುಗೀಲಿ ಅಂದರು. ಮನೆಯಲ್ಲಿ ನನ್ನ ಮಾತು ನಡೆಯಲಿಲ್ಲ, ಅದಕ್ಕೇ ಇಲ್ಲಿ ಆಡುತ್ತಿದ್ದೇನೆ.

ರೀ, ತಲೆ ತಗ್ಗಿಸಬೇಡಿ. ನಿಮ್ಮ ಶಾಲು ಯಾರೂ ಕಿತ್ತುಕೊಳ್ಳುವುದಿಲ್ಲ. ಡಾಕ್ಟರಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದಾರೆ. ಎಲೆ ತಿಂದದ್ದನ್ನೂ ಹೇಳಿ, ಮಾತ್ರೆ ಬಿಟ್ಟದ್ದನ್ನೂ ಹೇಳಿ. ಕಾಲುಚೀಲ ಬಿಚ್ಚುವವರೆಗೆ ನಾನು ಮೈಕು ಬಿಡುವುದಿಲ್ಲ. ಊಟಕ್ಕೆ ಕಾದಿರುವ ಇಷ್ಟು ಜನರೂ ನನ್ನ ಪರವಾಗಿದ್ದಾರೆ!

ಹಾಂ... ಬಿಚ್ಚಿ. ನಾಚಿಕೆ ಯಾಕೆ? ಮೇಡಂ, ಸ್ವಲ್ಪ ಬಗ್ಗಿ ನೋಡಿ.

ಏನಂದಿರಿ? ಈಗಲೇ ಹೋಗಬೇಕೇ? ಗೊತ್ತಿತ್ತು ಮೇಡಂ, ಆಟೋ ನಿಲ್ಲಿಸಿಯೇ ಮೈಕಿಗೆ ಬಂದಿದ್ದೇನೆ. ಕರೆದ ಸಂಘಕ್ಕೆ, ಕೇಳಿದ ನಿಮಗೆ ಧನ್ಯವಾದ. ನೀವೆಲ್ಲ ಊಟ ಮಾಡಿ. ನಾವು ಆಸ್ಪತ್ರೆಗೆ ಹೊರಟೆವು, ನಮಸ್ಕಾರ.