ದುರ್ಬೀನಿನಲ್ಲಿ ಕಂಡದ್ದು

...ಅಲ್ಲ ಅತ್ತಿಗೆ, ಆ ತುದಿಗಲ್ಲ. ಈ ತುದಿಗೆ ಕಣ್ಣಿಡಿ. ಹಾಂ, ಹಾಗೆ. ಇನ್ನೊಂದು ಕಣ್ಣು ಮುಚ್ಚಿ.

ಎಂಥಾ ದುರ್ಬೀನು ಗೊತ್ತಾ! ಮೋಡ ಇಲ್ಲದ ದಿನ ಈ ಗುಡ್ಡದ ತುದಿಯಿಂದ ಸಮುದ್ರದ ತನಕ ಕಾಣುತ್ತೆ. ಸುಳ್ಳಲ್ಲ! ಲೈಟ್‌ಹೌಸು, ಹಡಗು, ಹಡಗಿನ ಹೊಗೆ... ನೋಡೋಕೆ ಬಂದ ಜನ ಬಾಯಿ ಬಿಟ್ಕೊಂಡು ನಿಲ್ತಾರೆ. ಇನ್ನು ಕೆಳಗಿನ ಕಲ್ಲುಕ್ವಾರಿ ಯಾವ ಲೆಕ್ಕ? ಅಲ್ಲಿ ಬೆಂಕಿಕಡ್ಡಿ ಗೀರಿದವನ ಮೀಸೆಕೂದಲು ಎಣಿಸ್ತೀನಿ ನಾನು!

ಯಾಕೆ ಹಾಗೆ ನೋಡ್ತೀರಿ?

ಈಗ ಮಂಜು, ಅದಕ್ಕೇ ಏನೂ ಕಾಣ್ತಿಲ್ಲ. ಒಂಬತ್ತಕ್ಕೆ ಸರಿಯುತ್ತೆ. ಕೂತ್ಕೊಳ್ಳಿ, ಆಮೇಲೆ... ಬೇಡ್ವಾ? ಈಗಲೇ ನೋಡ್ಬೇಕಾ? ಏಳೂವರೆಗೇ? ಅಣ್ಣ ಹೋದ ಹೊತ್ತಿಗೇ?

ಅವತ್ತು ಮಂಜಿರಲಿಲ್ಲ ಅತ್ತಿಗೆ. ವಿಚಾರಣೆಯಲ್ಲೂ ಅದನ್ನೇ ಹೇಳಿದೀನಿ, ಬರ್ಕೊಂಡಿದಾರೆ. ಕ್ವಾರಿ ಪೂರ್ತಿ ನೋಡಿದೆ, ಒಬ್ಬರೂ ಇರಲಿಲ್ಲ, ಬಿಳಿ ಬಾವುಟ ಎತ್ತಿದೆ. ಬಿಳಿ ಎತ್ತಿದ್ರೆ ಎಲ್ಲರೂ ಹೊರಗೆ ಬಂದಿದಾರೆ, ಬಂಡೆ ಸಿಡಿಸಬಹುದು ಅಂತ. ಉಳಿ ಮರೆತೆ ಅಂತ ಅಣ್ಣನೇ ವಾಪಸ್ ಇಳಿದಿದಾನೆ. ಕಂಪನಿಯವರು ಗೇಟಿಗೆ ಅಂಟಿಸಿಲ್ವಾ, ‘ಸ್ವಂತ ಅಜಾಗರೂಕತೆ’ ಅಂತ? ನಾನಲ್ಲ ಬರೆದಿದ್ದು!

ಅದೇನು ನಗು? ಅಜಾಗರೂಕ ಅಂದಿದ್ದಕ್ಕಾ?... ಹೌದು, ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡೋನು ಅವನು. ನನಗೊತ್ತಿಲ್ವಾ! ನನ್ನ ಅಣ್ಣ ಅಲ್ವಾ!

ಬಂಡೆ ಬಿದ್ದು ನನ್ನ ಕಾಲು ನಜ್ಜುಗುಜ್ಜಾದಾಗ ಕಂಪನಿ ನನ್ನನ್ನ ಕಸದ ಥರ ಎಸೀತಿತ್ತು. ಅಣ್ಣ ಮೂರು ದಿನ ಗೇಟಿಗೆ ಅಡ್ಡ ಕೂತ. ಕೂತು ಈ ಬಾವುಟದ ಕೆಲಸ ಕೊಡಿಸಿದ. ‘ಕಾಣದಿದ್ರೆ ಎತ್ತಬೇಡ ಕಣೋ. ಮ್ಯಾನೇಜರ್ ಏನಾದ್ರೂ ಬೊಗಳ್ಕೊಳ್ಳಲಿ. ಕೆಳಗಿರೋರು ನಾವು, ಅವನಲ್ಲ’ ಅಂದಿದ್ದ...

ಥೂ, ಫೋನು! ಅವನೇ, ಮ್ಯಾನೇಜರ್ರು. ನಿನ್ನೆಯಿಂದ ಮತ್ತೆ ಸಿಡಿಸೋಕೆ ಶುರು. ಒಬ್ಬ ಸತ್ತು ಹನ್ನೊಂದೇ ದಿನ! ಕೆಳಗೆ ಇನ್ನೂ ರಕ್ತ ತೊಳೆದಿಲ್ಲ ನನ್ಮಕ್ಕಳು! ಬಡ್ಕೊಳ್ಳಲಿ ಬಿಡಿ.

ಅವತ್ತೂ ಹೀಗೇ ಬಡ್ಕೊಳ್ತು, ಮೂರು ಸಲ. ‘ಲಾರಿ ಸಾಲು ನಿಂತಿದೆ, ಎತ್ತೋ ಬಾವುಟ!’ ಅಂದ. ‘ಕಾಣ್ತಿಲ್ಲ ಸಾರ್, ಸ್ವಲ್ಪ ತಡೀರಿ’ ಅಂದೆ. ‘ಕುಂಟ, ಈಗ ಕಣ್ಣೂ ಹೋಯ್ತಾ? ನಾಳೆಯಿಂದ ಬರಬೇಡ’ ಅಂದ. ನಾನು... ದಿನಾ ಈ ಹೊತ್ತಿಗೆ ಎಲ್ಲರೂ ಹೊರಗೆ ಬಂದಿರ್ತಾರೆ, ಇವತ್ತೂ ಬಂದಿರ್ತಾರೆ ಅಂತ...

ಯಾಕೆ ದುರ್ಬೀನು ಬಿಟ್ಟು ನನ್ನನ್ನೇ ನೋಡ್ತೀರಿ?

ಬೈರಿ ಅತ್ತಿಗೆ. ಹೊಡೀರಿ! ಏನಾದ್ರೂ ಮಾಡಿ... ಅದರಲ್ಲಿ ನಿಮಗೆ ಕಂಡಿದ್ದೇನು? ಬರೀ ಬಿಳಿ, ಅಲ್ವಾ? ನನಗೂ ಅವತ್ತು ಅಷ್ಟೇ ಕಂಡಿದ್ದು. ಅಷ್ಟೇ.

ನೋಡಿ, ಮತ್ತೆ ಶುರು ಮಾಡಿದ... ಬಾವುಟ ಯಾಕೆ ತಗೊಂಡ್ರಿ? ಕೊಡಿ. ಕೊಡಿ ಅತ್ತಿಗೆ, ಫೋನು ನಿಲ್ತಿಲ್ಲ, ಅವನು... ಬೇಡ. ಗಟ್ಟಿಯಾಗಿ ಹಿಡ್ಕೊಳ್ಳಿ. ನಾನು ಕೇಳಿದ್ರೂ ಕೊಡಬೇಡಿ.