ರಂಗೂನಿನಿಂದ ನಿಮ್ಮಜ್ಜಿಯನ್ನು ಕರೆಸಿದ್ದು

ಅಲ್ಲ, ಹಡಗಿನಲ್ಲಿ ಬಂದದ್ದನ್ನ ಕಷ್ಟ ಅಂತ ನಾನು ಯಾವತ್ತೂ ಹೇಳೋಲ್ಲ, ಹಡಗಿನಲ್ಲಿ ಎಲ್ಲರೂ ನನ್ನ ಹಾಗೇ ಬರಿಗೈಲಿ ಬಂದೋರು, ಯಾರಿಗೆ ಯಾರು ನಾಚಬೇಕು? ಕಷ್ಟ ಶುರುವಾದದ್ದು ನಮ್ಮ ಕೆ. ಹೊಸಕೋಟೆಯಲ್ಲಿ ಬಸ್ಸಿಳಿದ ಮೇಲೆ. ಅರವತ್ತನಾಲ್ಕನೇ ಇಸವಿ ಇರಬೇಕು. ಇರಬೇಕು ಏನು, ಅದೇ. ಬರ್ಮಾ ಸರ್ಕಾರ ಇಂಡಿಯಾದಿಂದ ಹೋಗಿದ್ದ ನಮ್ಮಂಥೋರನ್ನೆಲ್ಲ ಹೊರಡಿ ಅಂದುಬಿಟ್ಟಿತು. ನಾನು ರಂಗೂನಿನಲ್ಲಿ ಒಂದು ಮರದ ಕಂಪನಿಗೆ ಹೆಡ್ ಕ್ಲಾರ್ಕು. ಕಂಪನೀನೂ ಹೋಯ್ತು, ಮನೇನೂ ಹೋಯ್ತು. ನಿಮ್ಮಜ್ಜಿ ಬರ್ಮಾದೋಳಲ್ವಾ, ಅವಳಿಗೂ ಕೂಸಿಗೂ, ಆ ಕೂಸೇ ನಿಮ್ಮಮ್ಮ, ಜೊತೇಲಿ ಬರೋಕೆ ಪರವಾನಗಿ ಸಿಗಲಿಲ್ಲ. ನೀವು ಮುಂದೆ ಹೋಗಿ ಕರೆಸಿಕೊಳ್ಳಿ ಅಂದಳು. ಬಂದೆ. ತಮ್ಮನ ಮನೆ, ತಮ್ಮನ ಅನ್ನ. ಹಿಂದೆ ರಜಕ್ಕೆ ಬಂದಾಗಲೆಲ್ಲ ಊರೋರಿಗೆ ಹೊತ್ತಿಗೆ ಸರಿಯಾಗಿ ಬರಬೇಕು, ಮಾತು ಕೊಟ್ಟರೆ ನಡೆಸಬೇಕು ಅಂತ ಪಾಠ ಹೇಳಿದೋನು ನಾನೇ, ಈಗ ಅವರು ಕಟ್ಟೆ ಮೇಲಿಂದ "ಏನ್ ರಂಗೂನ್ ಸಾಹೇಬ್ರೇ, ಟೋಪಿ ಎಲ್ಲಿ ಬುಟ್ಬಂದ್ರಿ?" ಅನ್ನೋರು. ತಲೆ ತಗ್ಗಿಸಿಕೊಂಡು ಹೋಗ್ತಿದ್ದೆ.

ಅರ್ಜಿ ಬರೆದೆ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರನ್ನ ಕೇಳಿಕೊಂಡು ಅವರ ಟೈಪ್‌ರೈಟರಿನಲ್ಲಿ ನಾನೇ ಹೊಡೆದೆ, ದೆಹಲಿಗೊಂದು, ರಂಗೂನಿನಲ್ಲಿರೋ ನಮ್ಮ ರಾಯಭಾರಿ ಕಚೇರಿಗೊಂದು. ಒಂದು ಕಾಮಾ ತಪ್ಪಿದರೆ ಇಡೀ ಹಾಳೆ ಹರಿದು ಮತ್ತೆ ಹೊಡೆಯೋನು. ನನ್ನ ಇಂಗ್ಲಿಷ್ ನೋಡಿದರೆ ಸಾಕು, ಕಳಿಸಿಬಿಡ್ತಾರೆ ಅಂದುಕೊಂಡಿದ್ದೆ, ನೋಡಿ. ದೆಹಲಿಯೋರು ಆಲೂರಿನ ತಾಲ್ಲೂಕು ಕಚೇರಿಗೆ ಬರೆದು ವಿಚಾರಿಸಿದರು. ಶೇಕದಾರರು, ಅಂದರೆ ಊರೂರು ತಿರುಗಿ ತನಿಖೆ ಮಾಡೋ ಕಂದಾಯದೋರು, ಮನೆಗೆ ಬಂದ ದಿನ ನಾನು ಸಕಲೇಶಪುರಕ್ಕೆ ಹೋಗಿದ್ದೆ. ನಿಮ್ಮ ದೊಡ್ಡ ಮಗನಿಗೆ ಮದುವೆ ಆಗಿದೆಯಾ ಅಂತ ನನ್ನ ಅವ್ವನ್ನ ಕೇಳಿದ್ದಾರೆ. ಅವ್ವ, "ಎಲ್ಲೈತಪ್ಪ, ಇನ್ನೂ ಮಾಡಿಲ್ಲ" ಅಂದಿದ್ದಾಳೆ. ಸುಳ್ಳಲ್ಲ ಕಣ್ರೋ. ಅವಳ ಲೆಕ್ಕದಲ್ಲಿ ಮದುವೆ ಅನ್ನೋದು ಹೆತ್ತೋರು ಮಾಡೋದು, ತಾನಾಗಿ ಆಗೋದಲ್ಲ. ಶೇಕದಾರರು ಅವಿವಾಹಿತ ಅಂತ ಬರೆದುಕೊಂಡು ಹೋದರು. ಹೆಂಡತಿ ಅಂತ ರುಜುವಾತಾಗಿಲ್ಲ, ಅರ್ಜಿ ವಜಾ ಅಂತ ಕಾಗದ ಬಂತು.

ಅವ್ವನ ಮೇಲೆ ಕೂಗಾಡಿದೆ. ಅವಳು ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಂಡು, "ಅಲ್ಲೊಬ್ಬಳವ್ಳೆ ಅಂತ ನೀನಂದೆ, ಮಗು ಐತೆ ಅಂದೆ. ಇಟ್ಕಂಡೋಳೋ ಕಟ್ಕಂಡೋಳೋ ನಂಗೇನ್ಲಾ ಗೊತ್ತು? ಧಾರೆ ಯಾರು ಎರೆದ್ರು?" ಅಂದಳು. ಯಾರೂ ಎರೆದಿರಲಿಲ್ಲ. ಆ ಊರಲ್ಲಿ ಅದಿಲ್ಲ. ಬೀದಿಯೋರನ್ನೆಲ್ಲ ಕರೆದು, ಅವರೆದುರು ಇಬ್ಬರೂ ಕೂತು ಒಂದೇ ಬಟ್ಟಲಲ್ಲಿ ಅನ್ನ ಉಂಡದ್ದು, ಅಷ್ಟೇ. ಇದನ್ನ ಹೆತ್ತ ತಾಯಿಗೆ ಬಿಡಿಸಿ ಹೇಳೋಕೆ ನನಗೆ ಎಂಥಾ ನಾಚಿಕೆ. ಅವಳು ಊದುಗೊಳವೆ ಕೆಳಗಿಟ್ಟು ನನ್ನೇ ನೋಡಿದಳು. "ಬೂವ ಉಂಡ್ರಾ?" ಅಂದಳು. ನಮ್ಮ ಮದುವೆಗಳಲ್ಲೂ ಗಂಡು ಹೆಣ್ಣು ನೆಂಟರ ನಡುವೆ ಕೂತು ಒಂದೇ ತಟ್ಟೇಲಿ ಉಣ್ಣೋದುಂಟಲ್ಲ, ಅದೇ ಬೂವ. ಹೂಂ ಅಂದೆ. "ಮೊದ್ಲೇ ಹೇಳಕ್ಕೇನಾಗಿತ್ತು? ನಡಿ ಆಲೂರಿಗೆ."

ಅಮಲ್ದಾರರ, ಅಂದರೆ ಈಗಿನ ತಹಸೀಲ್ದಾರರ ಕಚೇರೀಲಿ ಅವಳನ್ನ ನಿಲ್ಲಿಸಿದೆ. ಹೋದ ಸಲ ಇಲ್ಲ ಅಂದು ಈಗ ಹೌದು ಅಂತೀರಲ್ಲ ಅಂತ ಅವರು ಕೇಳಿದರು. "ಆಗ ಗೊತ್ತಿರ್ಲಿಲ್ಲ ಬುದ್ಧಿ. ಬೂವ ಉಂಡವ್ರೆ. ಒಂದೇ ತಟ್ಟೇಲಿ ಉಂಡ್ಮೇಲೆ ನನ್ನ ಸೊಸೆ ಅಲ್ದೆ ಇನ್ನೇನು? ಕರಸ್ಕೊಡಿ." ಗುಮಾಸ್ತರು ಮುಸಿಮುಸಿ ನಕ್ಕರು. ನಾನು ನನ್ನ ತಾಯಿಯ ಮಾತಿಗೆ ನಾಚಿ, ಇಂಗ್ಲಿಷಿನಲ್ಲಿ ಏನೋ ಸಮಜಾಯಿಷಿ ಕೊಡೋಕೆ ಹೋದೆ. ಅಮಲ್ದಾರರು ಕೈ ಅಡ್ಡ ಹಿಡಿದು, "ಅವರೇ ಹೇಳಲಿ. ಸೊಸೆ ಹೆಸರೇನಮ್ಮ?" ಅಂದರು.

ಅವ್ವ ನನ್ನ ಕಡೆ ತಿರುಗಿದಳು. "ಏನ್ಲಾ ಮಗ ಅವಳ ಹೆಸರು?"

ಅರ್ಜಿಯ ಹಾಳೆಹಾಳೆಯಲ್ಲೂ ಆ ಹೆಸರಿತ್ತು, ಒಂದಕ್ಷರ ತಪ್ಪಿಲ್ಲದೆ. ಮನೇಲಿ ಮಾತ್ರ "ಅವಳು", "ಅಲ್ಲಿರೋಳು". ಊರೋರು ನಗ್ತಾರೆ ಅಂತ ಆ ಹೆಸರನ್ನ ನಾನು ಹೊಸಲು ದಾಟಿಸಿರಲಿಲ್ಲ. ಈಗ ಅಷ್ಟು ಜನರೆದುರಿಗೆ ಹೇಳಿದೆ, ಮಾ ಖಿನ್. ಅವ್ವ ತುಟಿ ಆಡಿಸಿ ಆಡಿಸಿ ಕಲಿತುಕೊಂಡು, ಅಮಲ್ದಾರರಿಗೆ ತಾನೇ ಒಪ್ಪಿಸಿ, ಹೆಬ್ಬೆಟ್ಟು ಒತ್ತಿದಳು. ವಾಪಸ್ಸು ಬರೋವಾಗ ಬಸ್ಸಿನಲ್ಲಿ ಹತ್ತಿರದ ಮಗ್ಗೆ ಊರಿನೋರು ಪಕ್ಕದಲ್ಲೇ ಕೂತಿದ್ದರು, ಅವರೆದುರಿಗೇ, "ಮೊಮ್ಮಗಳ ಹೆಸರಾದ್ರೂ ಹೇಳಪ್ಪ" ಅಂದಳು. ನಾನು ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದೆ.

ಪರವಾನಗಿ ಬರೋಕೆ ಮತ್ತೂ ತಡವಾಯ್ತು, ಬಂತು, ಅವರೂ ಬಂದರು, ಅದೆಲ್ಲ ನಿಮಗೆ ಗೊತ್ತೇ ಇದೆ. ನೀವೂ ಯಾರನ್ನಾದರೂ ಕಟ್ಟಿಕೊಂಡರೆ ಮೊದಲು ಹೆಸರು ಹಿಡಿದು ಮನೆಯೋರಿಗೆ ಹೇಳಿ. ಸರ್ಕಾರಕ್ಕೆ ಆಮೇಲೆ ಬರೆಯೋಣ.